ಗಂಧ ಮೆತ್ತಿದ ಗುಂಡಿ

ಹಾಡು ರೆಕಾರ್ಡ್ ಮಾಡಲು ಫೋನು ಎತ್ತಿ ಹಿಡಿದರೆ ಸಾಕು, ನಮ್ಮಮ್ಮನ ಬಾಯಿಗೆ ಬೀಗ ಬೀಳುತ್ತದೆ. ಅದೇ ನಾನು ಕಂಪ್ಯೂಟರ್ ಮುಂದೆ ಕೂತು ಟಪಟಪ ಬಡಿಯುತ್ತಿದ್ದರೆ, ಮಗಳು ತನ್ನ ಕೆಲಸದಲ್ಲಿದ್ದಾಳೆ ಎಂದುಕೊಂಡು ಪಕ್ಕದಲ್ಲೇ ಕಾಲು ಚಾಚಿ ಹಾಡುತ್ತಾಳೆ. ಅಣ್ಣನ ಮಗಳ ಮದುವೆಗೆ ಅಮ್ಮನ ಸೋಬಾನೆ ಪದಗಳದೊಂದು ಪುಟ್ಟ ಪುಸ್ತಕ ಮಾಡಬೇಕೆಂದು ನನಗೆ ಹುಚ್ಚು ಹಿಡಿದಿತ್ತು. ಅಮರಾಪುರದಿಂದ ಅವಳನ್ನು ಕರೆಸಿಕೊಂಡೆ. ರಾಯದುರ್ಗದ ನನ್ನ ಗಂಡನ ಮನೆಯ ಮುಂದಿನ ಕೋಣೆಯೇ ನನ್ನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಅರ್ಜಿ, ಕರಪತ್ರ, ಕನ್ನಡ ತೆಲುಗು ಎರಡರಲ್ಲೂ. ಕಂಪ್ಯೂಟರ್ ಹಳೆಯದು. ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಹೇಗೋ ಓಡಿಸುತ್ತಿದ್ದೇನೆ.

ಊರಿಗೆ ಹೊರಡುವ ಮಧ್ಯಾಹ್ನ, ಚೀಲ ಕಟ್ಟಿ ಬಾಗಿಲ ಬಳಿ ಇಟ್ಟು, ಅಮ್ಮ ಸುಮ್ಮನೆ ಒಂದು ಪದ ಎತ್ತಿದಳು. ಹಳೆಯದಲ್ಲ, ಬಾಯಿಗೆ ಬಂದಂತೆ ಕಟ್ಟಿಕೊಂಡು ಹೋಗುವಂಥದ್ದು. ಇನ್ನೊಮ್ಮೆ ಕೇಳಿದರೆ ಅವಳಿಗೇ ಬರುವುದಿಲ್ಲ. ನಾನು ಬೆನ್ನು ಹತ್ತಿ ಟೈಪು ಮಾಡಿದೆ. ಅಬ್ಬಬ್ಬಾ, ಏನು ಓಟ! ಕಿವಿಗೆ ಬಿದ್ದದ್ದನ್ನು ಬೆರಳು ಹೊಡೆಯುತ್ತಿತ್ತೇ ಹೊರತು ಅರ್ಥ ತಲೆಗೆ ಇಳಿಯುತ್ತಿರಲಿಲ್ಲ. ನಡುವೆ ಸೇವ್ ಮಾಡಲು ಪುರುಸೊತ್ತೆಲ್ಲಿ? ತಾನಾಗಿ ಸೇವ್ ಆಗುವ ಏರ್ಪಾಡನ್ನು, ಯಂತ್ರ ನಿಧಾನವಾಗುತ್ತದೆಂದು, ನಾನೇ ತೆಗೆದಿದ್ದೆ. ಪದ ಮುಗಿಯಿತು. ಪರದೆಯೂ ನಿಂತುಬಿಟ್ಟಿತು.

ಮೌಸ್ ಅಲ್ಲಾಡಲಿಲ್ಲ. ಬೆಳಿಗ್ಗೆಯಿಂದ ಗಿರಾಕಿಗಳಿಗೆಂದು ತೆರೆದ ಪುಟಗಳನ್ನೆಲ್ಲ ಬ್ರೌಸರ್‌ನಲ್ಲಿ ಹಾಗೇ ಬಿಟ್ಟಿದ್ದೆ. ಅದೇ ಮೆಮೊರಿಯನ್ನೆಲ್ಲ ನುಂಗಿ ಕೂತಿತ್ತು. ಆಲ್ಟ್ ಹಿಡಿದು ಟ್ಯಾಬ್ ಒತ್ತಿದೆ. ಊಹೂಂ. ಕಂಟ್ರೋಲ್, ಆಲ್ಟ್ ಎರಡನ್ನೂ ಹಿಡಿದು ಎಫ್ ಮೂರು ಒತ್ತಿದೆ, ಆಜ್ಞೆ ಟೈಪು ಮಾಡುವ ಕಪ್ಪು ಪರದೆಯಾದರೂ ಬರಲಿ ಎಂದು. ಅದೂ ಇಲ್ಲ.

"ಏನಾಯ್ತೆ? ನನ್ ಪದ ಎಲ್ಲೋಯ್ತು?" ಅಂದಳು ಅಮ್ಮ.

"ಒಳಗೇ ಐತೆ ಕಣಮ್ಮ. ಇನ್ನೊಂದ್ಸಲ ಹೇಳ್ತೀಯಾ?"

"ಆಗಲ್ಲ ಕಣೆ. ಬಾಯಿಗ್ ಬಂದಿದ್ದು ಬಂತು, ಹೋಗಿದ್ದು ಹೋಯ್ತು." ಹೀಗಂದು ನಕ್ಕಳು. ಮುಖ ಮಾತ್ರ ಸಪ್ಪಗಾಯಿತು. ನನಗೆ ಅಳುವೇ ಬಂತು.

ಕರೆಂಟು ತೆಗೆದು ಹಾಕಿದರೆ ಕಂಪ್ಯೂಟರ್ ಏಳುತ್ತದೆ, ಪದ ಏಳುವುದಿಲ್ಲ. ಉಳಿದದ್ದು ಒಂದೇ ದಾರಿ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಗುಂಡಿಗಳನ್ನು ಒಟ್ಟಿಗೆ ಹಿಡಿದು ಎಫ್ ಅಕ್ಷರ ಒತ್ತಿದರೆ, ಹೆಚ್ಚು ಮೆಮೊರಿ ತಿನ್ನುತ್ತಿರುವ ಪ್ರೋಗ್ರಾಮನ್ನು ಲಿನಕ್ಸ್ ತಾನೇ ಹಿಡಿದು ಮುಗಿಸುತ್ತದೆ. ಇಂಥ ಹೊತ್ತಿಗೆಂದೇ ಆ ಅನುಮತಿಯನ್ನು ಹಿಂದೆಯೇ ಕೊಟ್ಟಿಟ್ಟಿದ್ದೆ. ಆದರೆ ಯಾರನ್ನು ಮುಗಿಸುತ್ತದೋ! ಬ್ರೌಸರ್ ಸತ್ತರೆ ಗೆದ್ದೆವು. ಪದವಿರುವ ಪ್ರೋಗ್ರಾಮೇ ಸತ್ತರೆ?

ದೇವರೇ ಅಂತ ಒತ್ತಿದೆ. ಪ್ರಿಂಟ್ ಸ್ಕ್ರೀನ್ ಗುಂಡಿ ಕೆಳಗೇ ಹೋಗಲಿಲ್ಲ! ಬಗ್ಗಿ ನೋಡಿದರೆ ಅದರ ಸುತ್ತ ಗಂಧ ಕುಂಕುಮ ಒಣಗಿ ಗಾರೆಯಂತೆ ಕೂತಿದೆ. ಆಯುಧಪೂಜೆಯದು.

"ಅತ್ತೀ!" ಎಂದು ಕಿರುಚಿದೆ. ಅಡುಗೆಮನೆಯಿಂದ ಅತ್ತೆ ಓಡಿಬಂದರು.

"ಯಾಕ, ಏನಾತು?"

"ಈ ಗುಂಡಿಗೆ ಯಾಕ ಹಚ್ಚಿದ್ರಿ?"

"ಮತ್ತ ಎಲ್ಲಿ ಹಚ್ಚಬೇಕವಾ? ಅಕ್ಷರದ ಮ್ಯಾಲ ಹಚ್ಚಿದ್ರ ನಿನ್ನ ಕೆಲಸಕ್ಕ ಅಡ್ಡ. ವರ್ಷೆಲ್ಲ ನೋಡೀನಿ, ಅದೊಂದನ್ನ ನೀ ಒತ್ತಂಗಿಲ್ಲ. ಅದಕ್ಕ ದೇವರಿಗೆ ಅದನ್ನ ಕೊಟ್ಟೆ."

ಸಿಟ್ಟು ನೆತ್ತಿಗೇರಿತ್ತು, ಆದರೆ ಅಷ್ಟು ಯೋಚನೆ ಮಾಡಿ ಹಚ್ಚಿದ್ದಾರೆ! ಅಷ್ಟರಲ್ಲಿ ಅಮ್ಮ ತಾಳಿಸರಕ್ಕೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಕೈಗಿಟ್ಟಳು. "ಮೆತ್ತಗೆ ಕೆರಿ, ಮುರಿದೀಯ." ನಾನು ಕೆರೆಯುತ್ತಿದ್ದೆ. ಅತ್ತೆ ಅಂಗೈ ಒಡ್ಡಿ ಉದುರಿದ ಗಂಧದ ಚೂರು ಹಿಡಿಯುತ್ತಿದ್ದರು, "ಕಾಲಾಗ ಬೀಳಬಾರದು, ತಡಿ, ತಡಿ" ಎನ್ನುತ್ತ. ಕೊನೆಗೆ ಗುಂಡಿ ಟಕ್ಕೆಂದು ಕೆಳಗಿಳಿಯಿತು.

ಮೂರನ್ನೂ ಒತ್ತಿದೆ. ಏನೂ ಆಗಲಿಲ್ಲ. ಡಬ್ಬಿಯೊಳಗೆ ಡಿಸ್ಕ್ ಮಾತ್ರ ಕರಕರ ಅನ್ನುತ್ತಿತ್ತು. ಅಮ್ಮ ನನ್ನ ಭುಜ ಹಿಡಿದಿದ್ದಳು. ತಟ್ಟನೆ ಬ್ರೌಸರ್ ಕಿಟಕಿ ಮಾಯ! ಹಿಂದೆಯೇ ಬೆಳ್ಳಗೆ ಪುಟ, ಪುಟದ ತುಂಬ ಅಮ್ಮನ ಪದ! ಮೊದಲು ಸೇವ್ ಮಾಡಿದೆ, ಆಮೇಲೆ ಕೂಗಿದ ಕೂಗಿಗೆ ಎದುರು ಮನೆಯವರು ಹೊರಗೆ ಬಂದರು.

"ಎಲ್ಲಿ, ಓದು ನೋಡಾನ" ಅಂದಳು ಅಮ್ಮ. ಕುಣಿಯುವ ದನಿಯಲ್ಲೇ ಓದತೊಡಗಿದೆ. ಮದುಮಗಳ ಜಡೆ ಬಂತು, ಬೀಗರ ಗತ್ತು ಬಂತು, ಅತ್ತೆ ಬಾಯಿಗೆ ಸೆರಗಿಟ್ಟು ನಕ್ಕರು. ಆಮೇಲೆ ಈ ಸಾಲು ಬಂತು:

ರಾಯದುರ್ಗಕೆ ಕೊಟ್ಟ ಮಗಳು ಬಾಗಿಲಾಗೆ ನಿಂತರೆ
ಬಸ್ಸು ಹತ್ತೋಕೆ ಕಾಲು ಬರದಲ್ಲ, ಸೋಬಾನೆ.

ಇದನ್ನು ಟೈಪು ಮಾಡಿದ್ದು ನನ್ನದೇ ಬೆರಳು, ಕೇಳಿಸಿದ್ದು ಈಗ. ಅಮ್ಮ ನನ್ನ ಕಡೆ ನೋಡದೆ ಪಿನ್ನು ಮತ್ತೆ ಸರಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅದು ಸಿಕ್ಕಿಕೊಳ್ಳುತ್ತಲೇ ಇರಲಿಲ್ಲ.

ಅತ್ತೆ ಗಂಧದ ಚೂರನ್ನು ದೇವರ ಮುಂದಿಟ್ಟು ಬಂದು, ಬಾಗಿಲ ಬಳಿಯಿದ್ದ ಚೀಲ ಎತ್ತಿಕೊಂಡರು. "ಬಸ್ಸು ನಾಳಿಗೂ ಅದಾವ, ಬರ್ರಿ ಬೀಗರ, ಒಳಗ ಬರ್ರಿ. ರಾಗಿ ಮುದ್ದಿಗೆ ಎಸರು ಇಡ್ತೀನಿ."

ಅಮ್ಮ ಪಿನ್ನನ್ನು ಮುಷ್ಟಿಯಲ್ಲೇ ಹಿಡಿದು ಅವರ ಹಿಂದೆ ಒಳಗೆ ನಡೆದಳು.