ಆ ಮರದಲ್ಲಿ ತೂತು ಇರಲಿಲ್ಲ

ಆ ಮರದಲ್ಲಿ ತೂತು ಇರಲಿಲ್ಲ, ಶಾಂತಕ್ಕ. ಇತ್ತು ಎಂದು ನಿಮಗೆ ಹೇಳಿದವಳು ನಾನು — ಸುಳ್ಳು ಹೇಳಿದೆ. ಒಂಬತ್ತು ವರ್ಷ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ನಿಮ್ಮ ಮನೆಯಲ್ಲೇ ಎಷ್ಟೋ ಸಲ ಉಂಡು ಬಂದೆ.

ಕಣ್ಣು ಮುಚ್ಚಿದರೆ ಜೇವರ್ಗಿಯ ಆ ತಗಡಿನ ಶೆಡ್ಡು ಈಗಲೂ ಬರುತ್ತದೆ. ಕಿಟಕಿಯಿಂದ ಇಳಿದ ಮಧ್ಯಾಹ್ನದ ಬಿಸಿಲು, ಅದರೊಳಗೆ ಮರದ ಹುಡಿ — ತೇಲುತ್ತ, ತೇಲುತ್ತ, ಎಲ್ಲಿಯೂ ಕೂರದೆ. ನೀವು ನೆಲೋಗಿಯಿಂದ, ನಾನು ಕೊಳಕೂರಿನಿಂದ ಬಸ್ಸಿಗೆ ಬಂದು ಎದುರುಬದುರು ಕೂರುತ್ತಿದ್ದೆವು. ಕಡಲಾಚೆಯಿಂದ ಬರುವ ಬ್ರಯರ್ ಎಂಬ ಪೊದೆಯ ಬೇರುಗಂಟಿನಿಂದ ತಂಬಾಕಿನ ಪೈಪು ಮಾಡುವ ಕೆಲಸ. “ಚಿಲುಮಿಗಿ ಇಷ್ಟ್ ಸಿಂಗಾರ ಯಾಕ್ ಬೇ?” ಎಂದು ನೀವು ನಗುತ್ತಿದ್ದಿರಿ.

ಪೈಪಿನ ಆಕಾರಕ್ಕೆ ಕಡೆದು ಬಂದ ಗಂಟುಗಳನ್ನು ಆರಿಸುವುದು ನಿಮ್ಮ ಪಾಲು. ಒದ್ದೆ ಸೆರಗಿನ ತುದಿಯಿಂದ ಒರೆಸಿದರೆ ಮರದ ಎಳೆಗಳು ಎದ್ದು ಕಾಣುತ್ತಿದ್ದವು. ಊನವಿಲ್ಲದ್ದನ್ನು ನೀವೇ ಇಟ್ಟುಕೊಂಡು ನುಣ್ಣಗೆ ಹೊಳೆಯುವಂತೆ ಉಜ್ಜುತ್ತಿದ್ದಿರಿ. ಬೇರು ಬೆಳೆಯುವಾಗ ಹರಳು ನುಂಗಿ ತೂತು ಬಿದ್ದದ್ದು ನನಗೆ. ನಾಲ್ಕೈದು ಮೊಳೆ ಒಟ್ಟಿಗೆ ಕಟ್ಟಿದ ಉಳಿಯನ್ನು ಒತ್ತಿ, ತಿರುವಿ, ಮೈತುಂಬ ಒರಟು ಎಬ್ಬಿಸುತ್ತಿದ್ದೆ. ತಂತಿ ಬ್ರಶ್ಶಿನಿಂದ ತಿಕ್ಕಿ ಕಪ್ಪು ಬಣ್ಣ ಕುಡಿಸುತ್ತಿದ್ದೆ. ಆಮೇಲೆ ಉಬ್ಬುಗಳನ್ನಷ್ಟೇ ಉಜ್ಜಿ ಕೆಂಪು ಹಚ್ಚುತ್ತಿದ್ದೆ. ತೂತು ಎಲ್ಲಿತ್ತೆಂದು ದೇವರಿಗೂ ತಿಳಿಯುತ್ತಿರಲಿಲ್ಲ. ಮುಚ್ಚುವುದೇ ನನ್ನ ಕಸುಬು — ಒಳ್ಳೆಯದೆಲ್ಲ ನಿಮಗೆ, ಕೆಟ್ಟದ್ದೆಲ್ಲ ನನಗೆ ಎಂದು ಒಳಗೊಳಗೇ ಉರಿಯುತ್ತಿದ್ದೆ.

ಆಗ ಆ ಒಂದು ಗಂಟು ಬಂತು. ಬುಡದಿಂದ ಬಾಯಿಯವರೆಗೆ ಎಳೆಗಳು ನೆಟ್ಟಗೆ, ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ. ನೀವು ಅದನ್ನು ಎಂಟು ದಿನ ಉಜ್ಜಿದಿರಿ. ಒಂಬತ್ತನೆಯ ದಿನ ನೀವು ಹೊರಗೆ ಬೇವಿನ ನೆರಳಿಗೆ ಊಟಕ್ಕೆ ಹೋದಾಗ ಅದನ್ನು ಕೈಗೆತ್ತಿಕೊಂಡೆ. ಬರೀ ಹಿಡಿದು ನೋಡೋಣವೆಂದು — ಇಲ್ಲ, ಇನ್ನೊಂದು ಕೈಯಲ್ಲಿ ಉಳಿ ಇತ್ತು. ಜಾರಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಜಾರಲಿಲ್ಲ. ಒತ್ತಿದೆ. ಒತ್ತಿದ ಮೇಲೆ ನಿಲ್ಲಿಸಲೂ ಇಲ್ಲ. ನೀವು ಬರುವಷ್ಟರಲ್ಲಿ ಒಂದು ಮಗ್ಗುಲು ಪೂರ್ತಿ ಒರಟಾಗಿತ್ತು.

“ಅಕ್ಕಾ, ಒಳಗ ತೂತ್ ಇತ್ರಿ. ನಿಮಗ ಕಂಡಿಲ್ಲ.”

ನೀವು ಬೈಯಬೇಕಿತ್ತು. ನನ್ನ ಕೈ ಹಿಡಿದು “ತೋರ್ಸು” ಎನ್ನಬೇಕಿತ್ತು. ನೀವು ಅದನ್ನು ಒಮ್ಮೆ ಕಣ್ಣ ಹತ್ತಿರ ತಂದು ನೋಡಿ ಕೆಳಗಿಟ್ಟಿರಿ. ಆಮೇಲೆ, “ಹೌದೇನ್ ಬೇ? ನನ್ ಕಣ್ಣ ಹೋಗ್ಯಾವ ಬಿಡು” ಎಂದಿರಿ.

ಮರುದಿನದಿಂದ ಪ್ರತಿ ಗಂಟನ್ನೂ ನನ್ನತ್ತ ಚಾಚಿದಿರಿ: “ನೀ ಒಮ್ಮಿ ನೋಡ್ ಬೇ.” ನಾನು ನೋಡಿದೆ. ನೋಡುತ್ತ ನೋಡುತ್ತ ನಿಮ್ಮ ಜಾಗದಲ್ಲೇ ಕೂತೆ. ಸುಗ್ಗಿಯ ಹೊತ್ತಿಗೆ ನೀವು ಬರುವುದನ್ನೇ ಬಿಟ್ಟಿರಿ.

ಹೋದ ತಿಂಗಳು ನಿಮ್ಮನ್ನು ಕಾಣಲು ನೆಲೋಗಿಗೆ ಬಂದೆನಲ್ಲ, ತೊಗರಿಬೇಳೆಯ ಮೊರವನ್ನು ನೀವು ಸೊಸೆಯ ಕಡೆ ಸರಿಸಿದಿರಿ. “ಕಲ್ಲ ನೀನೇ ಆರ್ಸವ್ವಾ. ನನ್ ಕಣ್ಣಿನ ಮ್ಯಾಲ ನನಗ ನಂಬಿಗಿ ಇಲ್ಲ.” ಸಂಜೆ ನನ್ನನ್ನು ಕಳಿಸಲು ಬಂದು, ಅಷ್ಟು ದೂರದ ಬಸ್ಸಿನ ಬೋರ್ಡನ್ನು ಓದಿ ಹೇಳಿದವರೂ ನೀವೇ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ, ಅಕ್ಕ. ಆಗ ಬಸ್ಸು ಹತ್ತಿದ ನನಗೆ ನಮ್ಮೂರು ಯಾವಾಗ ಬಂತೆಂದು ಗೊತ್ತಾಗಲಿಲ್ಲ.

ಆ ಪೈಪನ್ನು ಮಾಲೀಕರು ನನ್ನ ಕೆತ್ತನೆಯ ಮಾದರಿ ಎಂದು ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು. ಅವರನ್ನು ಕೇಳಿ ಅದನ್ನು ಮನೆಗೆ ತಂದುಕೊಂಡೆ. ನಾಲ್ಕು ದಿನದಿಂದ ಉಸುಕಿನ ಕಾಗದ ಹಿಡಿದು ಆ ಒರಟನ್ನೆಲ್ಲ ಉಜ್ಜಿ ಇಳಿಸಿದ್ದೇನೆ. ಪೈಪಿನ ಗೋಡೆ ತೆಳುವಾಗಿದೆ, ಇನ್ನು ಅದರಲ್ಲಿ ಯಾರೂ ತಂಬಾಕು ಸೇದಲಾರರು. ನಾನು ಮಾಡಿದ್ದು ಹಾಗೆ ಪೂರ್ತಿ ಅಳಿಯುವಂಥದ್ದೂ ಅಲ್ಲ.

ನಾಳೆ ಮುಂಜಾನೆಯ ಬಸ್ಸಿಗೆ ಅದನ್ನು ಹಿಡಿದು ನಿಮ್ಮಲ್ಲಿಗೆ ಬರುತ್ತೇನೆ. ನೋಡಿದ ಮೇಲೆ ನನ್ನನ್ನು ಬಾಗಿಲಿನಿಂದಲೇ ಕಳಿಸಿದರೂ ಸರಿ. ಮೊದಲು ಸೆರಗಿನ ತುದಿ ಒದ್ದೆ ಮಾಡಿ ಅದನ್ನೊಮ್ಮೆ ಒರೆಸಿರಿ. ಅಲ್ಲಿ ಏನಿದೆ, ಏನಿಲ್ಲ — ನಾನು ಬಾಯಿ ಬಿಡುವುದಿಲ್ಲ. ನಿಮ್ಮ ಕಣ್ಣಿನಿಂದ ನೀವೇ ನೋಡಿ ಹೇಳಬೇಕು.