ಬಳೆ ಚಾಚಿಯ ಬಣ್ಣದ ತಟ್ಟೆ

ನಿನ್ನೆ ಬೀಟ್‌ರೂಟ್ ಹೆಚ್ಚುವಾಗ ಬೆರಳಿಗೆಲ್ಲ ಕೆಂಪು ಹತ್ತಿತು. ಎರಡು ಸಲ ಸೋಪು ಹಚ್ಚಿ ತಿಕ್ಕಿದರೂ ಹೋಗಲಿಲ್ಲ, ಹಾಳಾದ್ದು. ಆ ಬೆರಳನ್ನೇ ನೋಡುತ್ತ ನಿಂತವಳಿಗೆ ಎದುರು ಮನೆಯ ಬಳೆ ಚಾಚಿ ನೆನಪಾದರು...

ಹೊಸದುರ್ಗದ ನಮ್ಮ ಬೀದಿಯಲ್ಲಿ, ಮನೆಯ ಮುಂಭಾಗದಲ್ಲೇ ಅವರ ಗಾಜಿನ ಬಳೆ ಅಂಗಡಿಯಿತ್ತು. ನಾವು ಆ ಬೀದಿಗೆ ಬಾಡಿಗೆಗೆ ಬರುವಷ್ಟರಲ್ಲಿ ಅವರ ಗಂಡ ತೀರಿಕೊಂಡಿದ್ದರು. ಚಾಚಿ ಒಬ್ಬರೇ ಅಂಗಡಿ ನಡೆಸುತ್ತಿದ್ದರು. ಮತ್ತೋಡು, ಮಾಡದಕೆರೆ ಕಡೆಯ ಹೆಂಗಸರು ಸಂತೆಗೆ ಬಂದರೆ ಅವರ ಮುಂದೆ ಕೈ ನೀಡಿ ಕೂರುತ್ತಿದ್ದರು. ಯಾವ ಸೀರೆಗೆ ಯಾವ ಬಳೆ ಎಂದು ಯಾರೂ ಬಾಯಿ ಬಿಡುವಂತಿರಲಿಲ್ಲ. ಚಾಚಿಯೇ ಆರಿಸಿ, ಚಾಚಿಯೇ ತೊಡಿಸಿ, "ಆತು, ಏಳಮ್ಮ" ಅನ್ನುತ್ತಿದ್ದರು. ಒಮ್ಮೆ ನಾನು ಆರಿಸಿದ್ದ ಬಳೆಗಳನ್ನು ಮುಲಾಜಿಲ್ಲದೆ ವಾಪಸ್ ಡಬ್ಬಿಗೆ ಹಾಕಿದ್ದರು. ಅಂದಿನಿಂದ ನನಗೂ ಅವರಿಗೂ ಅಷ್ಟಕ್ಕಷ್ಟೆ.

ಆಮೇಲೆ ನಮ್ಮ ಯಜಮಾನರಿಗೆ ಬಾಯಿ ಕ್ಯಾನ್ಸರ್ ಎಂದು ಗೊತ್ತಾಯಿತು. ಹೊಗೆಸೊಪ್ಪಿನ ಪ್ರಸಾದ. ದಾವಣಗೆರೆಯಲ್ಲಿ ರೇಡಿಯೇಷನ್, ನಮ್ಮ ಬಾಯಲ್ಲಿ ಕರೆಂಟು, ಕೊಡಲು ಶುರು ಮಾಡಿದರು. ಎರಡನೇ ವಾರಕ್ಕೆ ಅವರ ನಾಲಿಗೆ ಸತ್ತುಹೋಯಿತು. ಬಸ್ಸಾರಿಗೆ ಒಂದು ಹರಳು ಉಪ್ಪು ಕಮ್ಮಿಯಾದರೆ ತಟ್ಟೆ ಸರಿಸುತ್ತಿದ್ದ ಮನುಷ್ಯ, ಏನು ಕೊಟ್ಟರೂ "ಮಣ್ಣು" ಅನ್ನತೊಡಗಿದರು. ಬಾಯೆಲ್ಲ ಹುಣ್ಣು, ಖಾರ ಮುಟ್ಟಿಸುವಂತಿಲ್ಲ. ನಾನು ಮೂರು ಹೊತ್ತೂ ಬಿಳಿ ಗಂಜಿ ಕಾಯಿಸಿದೆ. ಅದನ್ನು ಕಂಡ ಕೂಡಲೇ ಗೋಡೆಗೆ ಮುಖ ಮಾಡುತ್ತಿದ್ದರು. ಇನ್ನೂ ತೂಕ ಇಳಿದರೆ ಕರೆಂಟು ನಿಲ್ಲಿಸಬೇಕಾಗುತ್ತೆ ಎಂದರು ಡಾಕ್ಟರು. ನಿಲ್ಲಿಸಿದರೆ ಮುಂದೇನು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಯಾರಿಗಿತ್ತು?

ಒಂದು ಮಧ್ಯಾಹ್ನ ಬೇಡಿದೆ, ಕೈ ಮುಗಿದೆ, ಮಕ್ಕಳ ಮೇಲೆ ಆಣೆ ಹಾಕಿದೆ. ಅವರು ಚಮಚ ತಳ್ಳಿದರು. ಗಂಜಿ ನನ್ನ ಸೀರೆ ಮೇಲೆ ಚೆಲ್ಲಿತು. "ಸಾಯ್ರಿ ಹಂಗಾದ್ರೆ! ಉಪಾಸ ಬಿದ್ದು ಸಾಯ್ರಿ!" ಎಂದು ಕಿರುಚಿಬಿಟ್ಟೆ. ಬೀದಿಗೆಲ್ಲ ಕೇಳಿಸಿರಬೇಕು. ಥೂ, ನನ್ನ ನಾಲಿಗೆಗಿಷ್ಟು...

ಬಳೆ ಚಾಚಿ ಅಂಗಡಿ ಹಂಗೇ ಬಿಟ್ಟು ಬಂದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬಟ್ಟಲೊಳಗೆ ಇಣುಕಿ, "ಇದೇನಮ್ಮ, ಗೋಡೆಗೆ ಬಳಿಯೋ ಸುಣ್ಣ ಇದ್ದಂಗೈತೆ! ನಾಲಿಗೆ ಹೋದ್ರೆ ಹೋತು, ಕಣ್ಣಿಲ್ವಾ ಅವ್ರಿಗೆ? ಕಿವಿ ಇಲ್ವಾ?" ಎಂದರು. ಆಮೇಲೆ ಯಜಮಾನರ ಹಾಸಿಗೆ ಪಕ್ಕ ಕುಂತು ಮೆಲ್ಲಗೆ ಹೇಳಿದರು: "ನಮ್ಮ ಸಾಬ್ರಿಗೂ ಹಿಂಗೇ ಆಗಿತ್ತಪ್ಪ. ಬಣ್ಣ ನೋಡ್ಕೊಂಡೇ ಉಂಡ್ರು. ಆಮ್ಯಾಕೆ ಹತ್ತು ವರ್ಷ ಅಂಗ್ಡೀಲಿ ಕುಂತ್ರು."

ಯಜಮಾನರು ಗೋಡೆ ಬಿಟ್ಟು ಈಚೆ ತಿರುಗಿದರು.

ಮಾರನೆಯ ದಿನದಿಂದ ನನ್ನ ಅಡುಗೆಮನೆ ಚಾಚಿಯದಾಯಿತು. ಬೀಟ್‌ರೂಟ್, ಪಾಲಕ್, ಸಿಹಿಗುಂಬಳ, ಒಂದೊಂದನ್ನೂ ಬೇರೆ ಬೇರೆ ಬೇಯಿಸಿ, ನುಣ್ಣಗೆ ರುಬ್ಬಿ, ಮೆತ್ತಗಿನ ಅನ್ನಕ್ಕೆ ಕಲೆಸಬೇಕು. ಸ್ಟೀಲ್ ತಟ್ಟೆಯಲ್ಲಿ ಬಣ್ಣ ಏಳುವುದಿಲ್ಲ ಎಂದು ತಮ್ಮ ಮನೆಯಿಂದ ಬಿಳಿ ಪಿಂಗಾಣಿ ತಟ್ಟೆ ತಂದರು. ನಾನು ಕೆಂಪಿನ ಪಕ್ಕಕ್ಕೇ ಹಸಿರು ಬಡಿಸಿದೆ. ಕೈಮೇಲೆ ಪಟ್ಟಂತ ಏಟು ಬಿತ್ತು. "ಬಳೆ ಹಂಗೆ ತೊಡ್ತಾರೇನಮ್ಮ? ನಡುವೆ ಚಿನ್ನದ್ದು ಒಂದು ಬ್ಯಾಡ್ವಾ?" ಎಂದು ಕುಂಬಳವನ್ನು ಎರಡರ ನಡುವೆ ಚಮಚದ ತುದಿಯಿಂದ ಗೆರೆಯಾಗಿ ಎಳೆದರು. ಇನ್ನೊಂದು ಹುಚ್ಚು ಕೆಲಸವೂ ಇತ್ತು. ಎಣ್ಣೆ ಕಾದ ಸೌಟನ್ನು ಓಡಿ ತಂದು, ಹಾಸಿಗೆ ಪಕ್ಕದಲ್ಲೇ ಸಾಸಿವೆ ಸಿಡಿಸಬೇಕು. ಆ ಚಟಪಟಕ್ಕೆ ಯಜಮಾನರು ಕಣ್ಣು ಬಿಡುತ್ತಿದ್ದರು. ಒಗ್ಗರಣೆ ಬೀಳುತ್ತಿದ್ದದ್ದು ಮಾತ್ರ ನನ್ನ ತಟ್ಟೆಗೆ.

ಮೊದಲ ದಿನ ನಾಲ್ಕು ಚಮಚ ಇಳಿಯಿತು. ಮರುದಿನ ಇನ್ನಷ್ಟು. ರುಚಿ ಗೊತ್ತಾಗ್ತೈತಾ ಎಂದು ಕೇಳಿದರೆ ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದರು. ಆದರೂ ನುಂಗುತ್ತಿದ್ದರು. "ಚಾಚಿ ಯಜಮಾನ್ರು ಉಂಡಿದ್ರಲ್ಲ" ಅನ್ನುತ್ತಿದ್ದರು. ತೂಕ ಇಳಿಯುವುದು ನಿಂತಿತು. ಕರೆಂಟೂ ಪೂರ್ತಿಯಾಯಿತು. ನಾನು ಚಾಚಿಯ ಕೈ ಹಿಡಿದು ಅತ್ತರೆ, "ಬಿಡಮ್ಮ, ಅಂಗ್ಡಿ ತೆಗೀಬೇಕು" ಎಂದು ಬಿಡಿಸಿಕೊಂಡು ಹೋದರು.

ಹೋದ ವರ್ಷ ಚಾಚಿ ತೀರಿಕೊಂಡರು. ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ಹಿರಿಯೂರಿನಿಂದ ಬಂದಿದ್ದ ಅವರ ತಂಗಿಯ ಹತ್ತಿರ ಈ ಕಥೆಯನ್ನೆಲ್ಲ ಹೇಳಿಕೊಂಡೆ. ಅವರು ನಡುವೆಯೇ ತಡೆದು ಕೇಳಿದರು: "ನಮ್ಮ ಭಾವ ಎಲ್ಲಿ ಉಂಡ್ರಮ್ಮ? ಗಂಜಿ ಬಟ್ಲು ತಲೆ ಹತ್ರ ಹಂಗೇ ಆರ್ತಿತ್ತು. ಮೂರೇ ತಿಂಗ್ಳಿಗೆ ಹೋದ್ರು. ಏನ್ ಮಾಡ್ಬೇಕು ಅಂತ ಆಗ ಅಕ್ಕಂಗೆ ಯಾರು ಹೇಳ್ತಿದ್ರು?"

ಸತ್ತ ಗಂಡನಿಗೆ ಹತ್ತು ವರ್ಷ ಆಯಸ್ಸು ಕೊಟ್ಟು, ಕಂಡವರ ಗಂಡನ ಮುಂದೆ ಕುಂತು ಅಷ್ಟು ಮೆಲ್ಲಗೆ ಹೇಳಿದ್ದರಲ್ಲ... ಆಮೇಲೆ ಮನೆಗೆ ಹೋಗಿ ಎಷ್ಟು ಅತ್ತರೋ. ಅವರು ಇದ್ದಷ್ಟು ದಿನ ಒಂದು ದಿನವಾದರೂ ಕೂರಿಸಿ ಊಟಕ್ಕೆ ಬಡಿಸಿರಲಿಲ್ಲ ನಾನು, ಪಾಪಿ. ಈಗ ಎದುರು ಮನೆಗೆ ಬೀಗ.

ಯಜಮಾನರಿಗೆ ಕತ್ತಿನಲ್ಲಿ ಮತ್ತೆ ಗಂಟು ಎದ್ದಿದೆ. ಈ ಸಲ ಕೀಮೋ. ಮತ್ತೆ ಅದೇ ಮಣ್ಣು. ಡಾಕ್ಟರು ಈಗ ನನ್ನ ಮುಖ ನೋಡಿ ಮಾತಾಡುವುದಿಲ್ಲ. ನಿನ್ನೆ ಮೂರೂ ಬಣ್ಣ ಮಾಡಿ ಒಯ್ದೆ. ಕುಂಬಳದ ಗೆರೆ ಸೊಟ್ಟಗಾಗಿತ್ತು. ಯಜಮಾನರು ತಟ್ಟೆ ನೋಡಿ ಕೇಳಿದರು:

"ಚಾಚಿ ಯಜಮಾನ್ರು ಆಮೇಲೆ ಎಷ್ಟು ವರ್ಷ ಇದ್ರು ಅಂದಿದ್ರು?"

"ಹತ್ತು ವರ್ಷ" ಎಂದೆ. "ಅವ್ರ ತಂಗೀನೂ ಹೇಳಿದ್ರು. ಉಣ್ರಿ."

ಅವರು ಬಾಯಿ ತೆರೆದರು.