ಅಲ್ಲಾಡುವ ಮಣೆ

ಕೈಯಿಂದಲೇ ತಿರುಗಿಸಬೇಕಾದ ನನ್ನ ಡಾಬ್ಸೋನಿಯನ್ ಟೆಲಿಸ್ಕೋಪಿನಲ್ಲಿ ಶನಿಗ್ರಹ ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ. ಸಿರುಗುಪ್ಪದ ಶಾಲೆಯೊಂದರಲ್ಲಿ ತೋರಿಸಲು ಹೋದರೆ, ಹೆಡ್‌ಮಾಸ್ತರರು ಕನ್ನಡಕ ತೆಗೆದು ಬಗ್ಗುವಷ್ಟರಲ್ಲಿ ಗ್ರಹ ಜಾರಿಹೋಯಿತು. ಜೊತೆಗೆ ನನ್ನ ಮಾನವೂ. ಭೂಮಿ ತಿರುಗಿದಂತೆಲ್ಲ ಟೆಲಿಸ್ಕೋಪನ್ನು ಹೊತ್ತು ಮೆಲ್ಲಗೆ ಪಡುವಣಕ್ಕೆ ವಾಲುವ ಮಣೆಯೊಂದನ್ನು ಕಟ್ಟಲು ಹೊರಟೆ. ಮೋಟರು ನಾನೇ ಜೋಡಿಸುವುದು, ಮರದ ಕೆಲಸ ಕುರುಗೋಡಿನ ಬಡಿಗ ಈರಣ್ಣನದು. ಆತ ತಾನು ಮಾಡಿದ ಪ್ರತಿ ಮಂಚದ ಅಡಿಗೂ ಹೆಮ್ಮೆಯಿಂದ ತನ್ನ ಹೆಸರು ಕೆತ್ತುವ ಆಸಾಮಿ.

ವಾರ ಬಿಟ್ಟು ಹೋದರೆ ಮಣೆ ಬಂಡೆಯಂತೆ ಕೂತಿತ್ತು. ವಾಲಬೇಕಾದ ಎರಡೂ ಬದಿಗೆ ಚಕ್ಕೆ ಕೊಟ್ಟು ಸ್ಕ್ರೂ ಬಿಗಿದಿದ್ದ.

"ಅಲ್ಲಾಡಾಕ ಹತ್ತಿತ್ರಿ ಸರ, ಸರಿ ಮಾಡೀನಿ," ಅಂದ.

"ಅಲ್ಲಾಡಲೇಬೇಕು ಈರಣ್ಣ, ಭೂಮಿ ತಿರುಗ್ತೈತಲ್ಲ!"

"ಭೂಮಿ ತಿರುಗಿದ್ರ ನನ್ನ ಕೆಲಸ ಯಾಕ ಅಲ್ಲಾಡಬೇಕ್ರಿ?"

ನಾನು ಕೈ ಮುಗಿದೆ. ಗೊಣಗುತ್ತಲೇ ಚಕ್ಕೆ ಕಿತ್ತುಕೊಟ್ಟ.

ಮುಂದಿನ ಸಲ ಸಿರುಗುಪ್ಪದಲ್ಲಿ ಶನಿಯೂ ಕದಲಲಿಲ್ಲ, ಹೆಡ್‌ಮಾಸ್ತರರೂ ಕದಲಲಿಲ್ಲ. ಈರಣ್ಣನನ್ನು ಎಲ್ಲರೆದುರು ಹೊಗಳೋಣವೆಂದು ಅವನ ಹೆಸರು ತೋರಿಸಲು ಟೆಲಿಸ್ಕೋಪು ಇಳಿಸಿ ಮಣೆ ಮಗುಚಿದೆ.

ಅಡಿಯಲ್ಲಿ ಅಂದವಾಗಿ ಕೆತ್ತಿದ್ದು ನನ್ನ ಹೆಸರು.